ಇಂಗಿನ ಡಬ್ಬಿ

ಬೆಳಿಗ್ಗೆ ಆರೂವರೆಗೆ ನಮ್ಮ ಮನೆಯವರ ಗುಂಪಿಗೆ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು. ‘21 ದಿನ ಗೋಧಿ ಬಿಡಿ. ಶುಗರ್, ಮಂಡಿನೋವು, ಬೊಜ್ಜು ಎಲ್ಲ ಮಾಯ. ತಿಂಡಿಗೆ ಉಪ್ಪಿಟ್ಟು, ರವೆ ಇಡ್ಲಿ ಮಾಡಿಕೊಳ್ಳಿ.’

ಆ ರವೆಯೂ ಗೋಧಿಯದೇ ಅನ್ನುವುದು ಯಾರ ಕಣ್ಣಿಗೂ ಬೀಳಲಿಲ್ಲ.

ಅತ್ತೆ: ನಾನು ಮೊದಲಿಂದ ಹೇಳ್ತಿದ್ದೆ, ಚಪಾತಿ ನಮ್ಮೋರ ಊಟ ಅಲ್ಲ ಅಂತ.

ತಮ್ಮ: ಇದನ್ನ ಹೇಳಿದ್ದು ಯಾವ ಡಾಕ್ಟರ್ ದೊಡ್ಡಪ್ಪ? ಚಪಾತಿ ಬಿಟ್ಟು ಮೂರು ಅಕ್ಕಿರೊಟ್ಟಿ ತಿಂದ್ರೆ ಶುಗರ್ ಹೇಗೆ ಇಳಿಯುತ್ತೆ?

ದೊಡ್ಡಪ್ಪ: ಎಲ್ಲದಕ್ಕೂ ಸಾಕ್ಷಿ ಕೇಳ್ತೀಯ. ನಾವು ತಟ್ಟೆಗೆ ಬಿದ್ದದ್ದು ತಿಂದು ಏಳ್ತಿದ್ವಿ. ಅದಕ್ಕೇ ಗಟ್ಟಿಯಾಗಿದ್ದೀವಿ.

ಅಷ್ಟರಲ್ಲಿ ಪುಣೆಯಲ್ಲಿರುವ ಚಿಕ್ಕಪ್ಪನ ಮಗ ಎದ್ದ. ಅಕ್ಕಿರೊಟ್ಟಿ ಅಂದದ್ದೇ ತಡ, ಅವನಿಗೆ ಸಕಲೇಶಪುರದ ಅಜ್ಜಿ ಮನೆ ನೆನಪಾಯಿತು. ಹಬೆಯಾಡುವ ಕಡುಬು, ಒತ್ತುಶಾವಿಗೆ, ಕಾಯಿಹಾಲು. ‘ಆ ಮರದ ಶಾವಿಗೆ ಒರಳು ಈಗ ಯಾರ ಮನೇಲಿದೆ?’ ಅಂತ ಕೇಳಿಬಿಟ್ಟ. ಪಾಲಾದಾಗ ಯಾರು ಕೇಳದೆ ಹೊತ್ತುಕೊಂಡು ಹೋದರು ಅನ್ನುವುದಕ್ಕೇ ಇಪ್ಪತ್ತು ಮೆಸೇಜು ಬಂದವು.

ನನಗೆ ಸುಮ್ನಿರಲು ಆಗಲಿಲ್ಲ. ನನ್ನ ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆ. ಹೀಗೆ ಬರೆದೆ:

‘ದೊಡ್ಡಪ್ಪ, ಇವಳಿಗೆ ಗೋಧಿ ಬಿಡುವುದು 21 ದಿನದ ಮಾತಲ್ಲ, ಜೀವನಪೂರ್ತಿ. ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಹೊಟ್ಟೆಗೆ ಹೋದರೆ ಅವಳ ಮೈಯೇ ಅವಳ ಸಣ್ಣ ಕರುಳನ್ನು ಹಾಳುಮಾಡುತ್ತದೆ. ಯಾರಿಗಾದರೂ ಅನುಮಾನ ಇದ್ದರೆ ದಯವಿಟ್ಟು ಗೋಧಿ ಬಿಟ್ಟು ನೋಡಬೇಡಿ. ಗೋಧಿ ತಿನ್ನುತ್ತಿರುವಾಗಲೇ ರಕ್ತ ಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು.

ತಿಂಡಿಗೆ ನಮಗೇನೂ ಕಡಿಮೆಯಿಲ್ಲ. ಸೋಮವಾರ ನೀರುದೋಸೆ, ಮಂಗಳವಾರ ಅವಲಕ್ಕಿ, ಆಮೇಲೆ ರಾಗಿರೊಟ್ಟಿ, ನುಚ್ಚಿನುಂಡೆ. ಉಪ್ಪಿಟ್ಟು ಬೇಕು ಅಂದರೆ ಅಕ್ಕಿ ತರಿ ಹುರಿದು ಮಾಡುತ್ತೇನೆ. ಅದು ಗೋಧಿ ರವೆಗಿಂತ ನೀರು ಜಾಸ್ತಿ ಕುಡಿಯುತ್ತದೆ. ಸಣ್ಣ ಉರಿಯಲ್ಲಿ ಮುಚ್ಚಿಟ್ಟು ಕಾಯಬೇಕು, ಅಷ್ಟೇ. ಕಷ್ಟ ಇರುವುದು ಬೇರೆ ಕಡೆ. ಚಪಾತಿ ಸುಟ್ಟ ಕಾವಲಿಯಲ್ಲೇ ದೋಸೆ ಹುಯ್ಯುವ ಹಾಗಿಲ್ಲ. ಮಿಲ್ಲಿನಲ್ಲಿ ಗೋಧಿ ಬೀಸಿದ ಮೇಲೆ ನಮ್ಮ ರಾಗಿ ಹಾಕಿಸುವ ಹಾಗಿಲ್ಲ.’

ದೊಡ್ಡಪ್ಪ: ಇವೆಲ್ಲ ಈಗಿನ ಕಾಯಿಲೆ ಕಣಮ್ಮ.

ತಮ್ಮ: 1950ರಲ್ಲೇ ವಿಲೆಮ್ ಡಿಕೆ ಅನ್ನೋ ಡಚ್ ಡಾಕ್ಟರ್ ಗೋಧಿಯೇ ಕಾರಣ ಅಂತ ಬರೆದಿದ್ದಾರೆ. ನೀವಾಗ ಹುಟ್ಟಿದ್ರಾ ದೊಡ್ಡಪ್ಪ?

ದೊಡ್ಡಪ್ಪ: ಹಿರಿಯರ ಹತ್ರ ಮಾತಾಡೋ ರೀತಿನಾ ಇದು?

ಆಗ ಅತ್ತೆ ಎರಡು ವರ್ಷದಿಂದ ಒಳಗಿಟ್ಟುಕೊಂಡಿದ್ದನ್ನು ಹೇಳಿದರು.

ಅತ್ತೆ: ನೋಡೇ, ಗೃಹಪ್ರವೇಶದ ದಿನ ನಿನ್ನ ಮಗಳು ನಾನು ಮಾಡಿದ ಹೋಳಿಗೆ ಎಲೆ ಮೇಲೆ ಹಾಗೇ ಬಿಟ್ಟು ಎದ್ದಳು. ಬರೀ ಪುಳಿಯೋಗರೆ ತಿಂದಳು. ಅದರಲ್ಲಿ ಎಲ್ಲಿತ್ತು ಗೋಧಿ? ಆದ್ರೂ ಸಂಜೆಗೆ ಹೊಟ್ಟೆನೋವು ಅಂತ ಎತ್ಕೊಂಡು ಹೊರಟೆ. ಬಂದೋರ ಮುಂದೆ ನಂಗೆ ಎಷ್ಟು ಬೇಜಾರಾಯ್ತು ಗೊತ್ತಾ?

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಕಾರಿನ ಹಿಂದಿನ ಸೀಟಿನಲ್ಲಿ ಮಗು ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗಿತ್ತು. ಏನು ತಪ್ಪಿತು ಅಂತ ನನಗೂ ಆಗ ಹೊಳೆದಿರಲಿಲ್ಲ. ಡಬ್ಬಿಯ ಇಂಗಿನ ವಿಷಯ ತಿಳಿದದ್ದು ಆಮೇಲೆ.

‘ಅತ್ತೆ, ಪುಳಿಯೋಗರೆ ಗೊಜ್ಜಿಗೆ ಯಾವ ಇಂಗು ಹಾಕಿದ್ರಿ? ಎಷ್ಟೋ ಪುಡಿ ಇಂಗಿಗೆ ಗೋಧಿ ಹಿಟ್ಟೋ ಮೈದಾನೋ ಬೆರೆಸಿರುತ್ತಾರೆ. ಡಬ್ಬಿ ಹಿಂದೆ ನೋಡಿ’ ಅಂತ ಬರೆದೆ.

ಉತ್ತರ ಬರಲಿಲ್ಲ. ಗುಂಪು ಮತ್ತೆ ಒರಳಿನ ಜಗಳಕ್ಕೆ ಹೋಯಿತು. ದೊಡ್ಡಪ್ಪ ಸಂಜೆ ಬೆಲ್ಲದ ಬಗ್ಗೆ ಇನ್ನೊಂದು ಫಾರ್ವರ್ಡ್ ಹಾಕಿದರು.

ರಾತ್ರಿ ಹತ್ತಕ್ಕೆ ಅತ್ತೆಯಿಂದ ನನಗೊಬ್ಬಳಿಗೇ ಒಂದು ಫೋಟೊ ಬಂತು. ಇಂಗಿನ ಡಬ್ಬಿಯ ಹಿಂಭಾಗ. ‘ಗೋಧಿ ಹಿಟ್ಟು’ ಅನ್ನುವ ಸಣ್ಣ ಅಕ್ಷರದ ಕೆಳಗೆ ಅವರ ಅರಿಶಿನ ಹತ್ತಿದ ಉಗುರು.

‘ಆವತ್ತು ಹಾಕಿದ್ದೂ ಇದನ್ನೇ ಕಣೇ. ಅಕ್ಕಿ ಹಿಟ್ಟು ಬೆರೆಸಿದ ಇಂಗು ಎಲ್ಲಿ ಸಿಗುತ್ತೆ, ಹೇಳು.’