‘ನನ್ನ ಮಗ ಹಾಗೆ ಮಾಡುವವನಲ್ಲ’ ಅನ್ನುವ ಅಮ್ಮನಿಗೆ ಏನು ಹೇಳಲಿ?

ಪ್ರಶ್ನೆ (ಬದಿಯಡ್ಕ ಕಡೆಯ ಸದಸ್ಯೆ, ಹೆಸರು ಬೇಡ ಎಂದಿದ್ದಾರೆ):

ಮೇಡಂ, ನನ್ನ ತಮ್ಮ ಒಂದು ಬಾಂಬ್ ಸ್ಫೋಟದ ಕೇಸಿನಲ್ಲಿ ಜೈಲಿನಲ್ಲಿದ್ದಾನೆ. ಬೇರೆ ರಾಜ್ಯದಲ್ಲಿ ನಡೆದದ್ದು, ಜನ ಸತ್ತಿದ್ದಾರೆ. ಕೋರ್ಟಿನಲ್ಲಿ ಅವನೇ ತಪ್ಪು ಒಪ್ಪಿಕೊಂಡ. ಆದರೂ ಅಮ್ಮ, "ಯಾರೋ ನನ್ನ ಮಗನನ್ನು ಸಿಕ್ಕಿಸಿ ಹಾಕಿದ್ದು" ಅನ್ನುತ್ತಾರೆ. ಅವನ ಮೊಬೈಲನ್ನು ಪೊಲೀಸರು ತಗೊಂಡು ಹೋಗಿ ಎರಡು ವರ್ಷ ಆಯಿತು. ಚಾರ್ಜರ್ ಇನ್ನೂ ಚಾವಡಿಯ ಪ್ಲಗ್ಗಿನಲ್ಲೇ ಇದೆ. ಗುಡುಗು ಸಿಡಿಲು ಬಂದಾಗಲೂ ತೆಗೆಯಲು ಬಿಡುವುದಿಲ್ಲ. ಅಪ್ಪ ಅವನ ಹೆಸರೇ ಎತ್ತಬೇಡಿ ಅನ್ನುತ್ತಾರೆ. ಮದುವೆಮನೆಗೆ ಹೋಗುವುದನ್ನೂ ಬಿಟ್ಟಿದ್ದೇವೆ. ಅಮ್ಮನಿಗೆ ನಿಜ ಹೇಳಿ ಒಪ್ಪಿಸಬೇಕಾ, ಸುಮ್ನೆ ಬಿಡಬೇಕಾ?

ಉತ್ತರ (ಆಪ್ತ ಸಮಾಲೋಚಕಿ, ಕಾಸರಗೋಡು):

ಮೊದಲು ಚಾರ್ಜರ್ ವಿಷಯ. ಅದನ್ನು ತೆಗೆಯಲು ಹೋಗಬೇಡಿ. ಸ್ವಿಚ್ ಮಾತ್ರ ಆಫ್ ಮಾಡಿಡಿ.

ಅಮ್ಮನ ‘ಇಲ್ಲ’ದೊಳಗೆ ಎರಡು ಮಾತುಗಳಿವೆ. ಒಂದು, "ನಾನು ಎತ್ತಿ ಆಡಿಸಿದ ಮಗು ಅದು". ಅದು ನಿಜ, ಅದನ್ನು ಯಾರೂ ಕಿತ್ತುಕೊಳ್ಳಬಾರದು. ಇನ್ನೊಂದು, "ಹಾಗಾಗಿ ಅವನು ಅದನ್ನು ಮಾಡಿಲ್ಲ". ಇದು ನಿಜವಲ್ಲ. ಅಮ್ಮ ಎರಡನ್ನೂ ಒಂದೇ ಗಂಟು ಹಾಕಿ ಹಿಡಿದಿದ್ದಾರೆ. ಎರಡನೆಯದನ್ನು ಬಿಟ್ಟರೆ ಮೊದಲನೆಯದೂ ಹೋದೀತು ಎಂಬ ಹೆದರಿಕೆ. ನೀವು ತೀರ್ಪಿನ ಕಾಗದ ಹಿಡಿದು ವಾದಕ್ಕೆ ನಿಂತರೆ ಗಂಟು ಇನ್ನೂ ಬಿಗಿಯಾಗುತ್ತದೆ.

ಅಮೆರಿಕದ ಒಂದು ಮನೆಯ ಕಥೆ ಹೇಳುತ್ತೇನೆ. ಟೆಡ್ ಕಝಿನ್ಸ್ಕಿ 1978ರಿಂದ 1995ರವರೆಗೆ ಬಾಂಬ್‌ಗಳನ್ನು ಅಂಚೆಯಲ್ಲಿ ಕಳಿಸಿ, ಕೆಲವನ್ನು ತಾನೇ ಇಟ್ಟು ಮೂವರನ್ನು ಕೊಂದವನು. 23 ಜನ ಗಾಯಗೊಂಡರು. 1995ರಲ್ಲಿ ಅವನ ಉದ್ದದ ಲೇಖನ ಪತ್ರಿಕೆಯಲ್ಲಿ ಬಂತು. ಇದು ಟೆಡ್ ಇರಬಹುದಾ ಎಂಬ ಸಂಶಯ ಮೊದಲು ಬಂದದ್ದು ತಮ್ಮ ಡೇವಿಡ್‌ನ ಹೆಂಡತಿಗೆ. ಡೇವಿಡ್‌ಗೆ ನಂಬಲು ಆಗಲಿಲ್ಲ. ಅಣ್ಣನ ಹಳೇ ಪತ್ರಗಳನ್ನು ತೆಗೆದು, ಲೇಖನದ ಪಕ್ಕ ಇಟ್ಟು ಓದಿದ. ಅಣ್ಣ ಬಳಸುತ್ತಿದ್ದ ಮಾತುಗಳೇ ಅಲ್ಲಿದ್ದವು. ಕೊನೆಗೆ ಪೊಲೀಸರಿಗೆ ತಿಳಿಸಿದ. 1996ರ ಏಪ್ರಿಲ್‌ನಲ್ಲಿ ಟೆಡ್ ಸೆರೆಯಾದ. ಆಮೇಲೆ ಇದೇ ಡೇವಿಡ್, ಅಣ್ಣನಿಗೆ ಗಲ್ಲಾಗಬಾರದು ಎಂದು ಹೋರಾಡಿದ. ಜೈಲಿಗೆ ಪತ್ರ ಬರೆದ, ಉತ್ತರ ಬರಲಿಲ್ಲ. ಬಾಂಬಿನಿಂದ ಗಾಯಗೊಂಡ ಒಬ್ಬರ ಜೊತೆ ಸ್ನೇಹವನ್ನೂ ಬೆಳೆಸಿದ. ಅಣ್ಣನ ಮೇಲಿನ ಪ್ರೀತಿಯನ್ನೂ ಬಿಡಲಿಲ್ಲ, ಸತ್ತವರನ್ನೂ ಮರೆಯಲಿಲ್ಲ. ನಿಮ್ಮ ಮನೆಯಲ್ಲೂ ಇದು ಆಗಲಿ ಎಂದು ನನ್ನ ಆಸೆ.

ಹಾಗಾಗಿ ಅಮ್ಮ "ಅವನು ಮಾಡಿಲ್ಲ" ಅಂದಾಗ "ಹೌದಮ್ಮ" ಅನ್ನಬೇಡಿ, ಜಗಳಕ್ಕೂ ಹೋಗಬೇಡಿ. "ಅವನ ನೆನಪು ಜಾಸ್ತಿ ಆಗ್ತಾ ಇದೆ ಅಲ್ವಾ?" ಎಂದು ಕೇಳಿ. ಜೈಲಿಗೆ ಅವನನ್ನು ನೋಡಲು ಕರಕೊಂಡು ಹೋಗಿ. ಮಗನನ್ನು ನೋಡಲು ಅವನು ನಿರಪರಾಧಿ ಆಗಿರಬೇಕೆಂದೇನೂ ಇಲ್ಲ. ಇದು ಅಮ್ಮನಿಗೆ ಗೊತ್ತಾಗಬೇಕು.

ಒಂದು ಕಡೆ ಮಾತ್ರ ಗಟ್ಟಿಯಾಗಿ ನಿಲ್ಲಿ. ಯಾರಾದರೂ ಮನೆಗೆ ಬಂದು, "ಅದೆಲ್ಲ ಸುಳ್ಳು, ಯಾರೂ ಸತ್ತಿಲ್ಲ" ಎಂದೋ, "ಸತ್ತವರದ್ದೇ ತಪ್ಪು" ಎಂದೋ ಹೇಳಿದರೆ, ಆ ಮಾತು ಚಾವಡಿ ದಾಟಿ ಒಳಗೆ ಬರಬಾರದು. ಅದು ದುಃಖದ ಮಾತಲ್ಲ.

ಅಪ್ಪನನ್ನೂ ಮರೆಯಬೇಡಿ. ಹೆಸರೆತ್ತದವರು ಒಪ್ಪಿಕೊಂಡಿದ್ದಾರೆ ಎಂದೇನಲ್ಲ. ಅದೂ ಒಂದು ತರದ ‘ಇಲ್ಲ’.

ಸದಸ್ಯರೊಬ್ಬರು (ಉಪ್ಪಳ):

ಕೋಪ ಮಾಡ್ಕೋಬೇಡಿ ಮೇಡಂ. ಸತ್ತವರ ಮನೆಯವರು ಅಳುತ್ತಿರುವಾಗ ಇವರಿಗೆ ಯಾಕೆ ಇಷ್ಟು ಕನಿಕರ? ಇವರಿಗೆ ಮೊದಲೇ ಗೊತ್ತಿರಲಿಲ್ವಾ?

ಉತ್ತರ:

ಕೋಪ ಇಲ್ಲಣ್ಣ. ಸತ್ತವರ ಮನೆಯವರೇ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ 2016ರಲ್ಲಿ ನಮ್ಮದೇ ಜಿಲ್ಲೆಯ ಪಡನ್ನ, ತೃಕ್ಕರಿಪುರ ಕಡೆಯಿಂದ ಕೆಲವರು ಅಫ್ಘಾನಿಸ್ತಾನಕ್ಕೆ ಹೋಗಿ ಐಸಿಸ್ ಸೇರಿದರಲ್ಲ, ಆಗ ಕಾಣೆಯಾಗಿದ್ದಾರೆಂದು ದೂರು ಕೊಟ್ಟದ್ದು ಅವರವರ ಮನೆಯವರೇ. ಆಮೇಲೆ ಕೆಲವು ಮನೆಗಳಿಗೆ ಸಾವಿನ ಸುದ್ದಿ ಬಂದದ್ದು ಟೆಲಿಗ್ರಾಮ್ ಮೆಸೇಜಿನಲ್ಲಿ. ಹೆಣ ಇಲ್ಲ, ಮಣ್ಣು ಮಾಡಲಿಲ್ಲ. ಇನ್ನು 2017ರಲ್ಲಿ ಲಕ್ನೋದಲ್ಲಿ ಉಗ್ರನೆಂದು ಪೊಲೀಸರು ಹೇಳಿದ, ಎನ್‌ಕೌಂಟರಿನಲ್ಲಿ ಸತ್ತ ಒಬ್ಬನ ತಂದೆ ಮಗನ ಶವವೇ ಬೇಡ ಅಂದರು. ಜನ ಅವರನ್ನು ಹೊಗಳಿದರು. ನನಗೆ ಮಾತ್ರ, ಆ ರಾತ್ರಿ ಅವರು ಮನೆಯಲ್ಲಿ ಹೇಗೆ ಮಲಗಿರಬಹುದು ಎಂದೇ ಅನಿಸಿತು.

ಮನೆಯವರನ್ನು ಊರು ದೂರ ಇಟ್ಟರೆ, ಮುಂದೆ ಇನ್ನೊಂದು ಮನೆಯಲ್ಲಿ ಸಂಶಯ ಬಂದಾಗ ಅವರು ಯಾರಿಗೂ ಹೇಳುವುದಿಲ್ಲ. ಗೊತ್ತಿದ್ದೂ ಸಹಾಯ ಮಾಡಿದವರ ವಿಷಯ ಬೇರೆ, ಅದನ್ನು ಕಾನೂನು ನೋಡಲಿ.

ಪ್ರಶ್ನೆ ಕೇಳಿದವರು:

ಮೇಡಂ, ನನಗೂ ನಿದ್ದೆ ಬರುವುದಿಲ್ಲ. ಕುಂಬಳೆಗೆ ಬಸ್ಸಿನಲ್ಲಿ ಹೋಗುವಾಗ ಯಾರಾದರೂ ತಿರುಗಿ ನೋಡಿದರೂ ಎದೆ ಹೊಡೆದುಕೊಳ್ಳುತ್ತದೆ.

ಉತ್ತರ:

14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರಕಾರದ್ದು, ದುಡ್ಡು ಬೇಡ. ಕನ್ನಡದಲ್ಲೇ ಮಾತಾಡಬೇಕು ಎಂದು ಕೇಳಿ. ನೀವು ತಮ್ಮನ ತಪ್ಪು ಮಾಡಿದವರಲ್ಲ. ಇದನ್ನು ನಿಮಗೆ ಯಾರೂ ಇದುವರೆಗೆ ಹೇಳಿಲ್ಲ ಅನಿಸುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಪ್ರಶ್ನೆ ಕೇಳಿದವರು (ಮೂರು ವಾರದ ನಂತರ):

ಜೈಲಿಗೆ ಹೋಗಿ ಬಂದೆವು. ರೈಲಿನಲ್ಲಿ ಅಮ್ಮ ಒಂದು ಮಾತೂ ಆಡಲಿಲ್ಲ. ನಿನ್ನೆ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದವರು ತಲೆ ಎತ್ತದೆ ಕೇಳಿದರು, "ಸತ್ತವರಲ್ಲಿ ಒಬ್ಬ ಹುಡುಗ ಇದ್ದನಂತೆ, ಅವನಿಗೆ ಎಷ್ಟು ವಯಸ್ಸು?"

ನನಗೆ ಗೊತ್ತಿತ್ತು. ಹೇಳಲೋ ಬೇಡವೋ ಅಂತ ಸುಮ್ಮನಾದೆ.

ಉತ್ತರ:

ಹೇಳಿ. ಅವನ ಹೆಸರೂ ಹೇಳಿ. ಆಮೇಲೆ ಅಲ್ಲೇ ಅಮ್ಮನ ಪಕ್ಕ ಕೂತು ಅಡಿಕೆ ಸುಲಿಯಿರಿ.