ಐದು ತಿಂಗಳಲ್ಲಿ 11 ಪುಸ್ತಕ ಓದಿದೆ, ಅರ್ಧ ನೆನಪಿಲ್ಲ. ನೀವೆಲ್ಲ ಹೇಗೆ ಓದ್ತೀರಿ?

ಮಂಡಗದ್ದೆ ಬಸ್ಸು

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ. ಊರು ತೀರ್ಥಹಳ್ಳಿ ಕಡೆ. ವಾರವಿಡೀ ಲೇಡೀಸ್ ಹಾಸ್ಟೆಲ್, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಊರಿಗೆ. ಜೂನ್‌ನಿಂದ ಈಚೆಗೆ ಪಠ್ಯ ಬಿಟ್ಟು 11 ಪುಸ್ತಕ ಮುಗಿಸಿದೆ. ಕಾದಂಬರಿ, ಸಣ್ಣಕತೆ, ವಚನ, ನಾಟಕ, ಕೈಗೆ ಸಿಕ್ಕಿದ್ದೆಲ್ಲ. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಹೆಸರು, ತಾರೀಕು ಬರೆದಿಡುತ್ತಾ ಬಂದಿದ್ದೆ. ಮೊನ್ನೆ ರಾತ್ರಿ ಕರೆಂಟ್ ಹೋದಾಗ ಮೊಬೈಲ್ ಟಾರ್ಚ್ ಹಾಕಿಕೊಂಡು ಆ ಪಟ್ಟಿ ನೋಡ್ತಾ ಕೂತೆ. ಐದಾರು ಹೆಸರು ಓದಿದರೆ ಏನೂ ನೆನಪಿಗೆ ಬರಲಿಲ್ಲ. ತುಂಬಾ ಬೇಜಾರಾಯ್ತು.

ನೆನಪಿರೋದನ್ನು ಮೊದಲು ಹೇಳ್ತೀನಿ. ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಪುಸ್ತಕ, ನಾನು ಹುಟ್ಟೋಕೆ 25 ವರ್ಷ ಮುಂಚೆ. ಅದರಲ್ಲಿ ಹುಡುಕಿಕೊಂಡು ಹೋಗೋ ಹಾರುವ ಓತಿ, ಓದಿ ಎರಡು ವಾರಕ್ಕೆ ನಮ್ಮ ತೋಟದಲ್ಲೇ ಕಂಡಿತು. ಮೊದಲು ಅಡಿಕೆ ಮರದ ಮೈಯೇ ಒಂಚೂರು ಅಲುಗಿದ ಹಾಗಾಯ್ತು. ಆಮೇಲೆ ಗಂಟಲ ಕೆಳಗಿನ ಹಳದಿ ಚರ್ಮ ಒಂದು ಸಲ ಹೊರಗೆ ಬಂದು ಒಳಗೆ ಹೋಯ್ತು. ಗಂಡು ಓತಿ. ನಾನು ಉಸಿರು ಬಿಗಿ ಹಿಡಿದು ನಿಂತಿದ್ದೆ, ಅದು ಪಕ್ಕೆಯ ಚರ್ಮ ಬಿಚ್ಚಿಕೊಂಡು ಆಚೆ ಮರದ ಬುಡದ ಕಡೆಗೆ ಇಳಿಜಾರಾಗಿ ತೇಲಿ ಹೋಗಿ ಕೂತು, ಮತ್ತೆ ಸರಸರ ಮೇಲಕ್ಕೆ ಹತ್ತಿತು. ಉದ್ದ ಬೆಳೆದ ಪಕ್ಕೆಲುಬುಗಳು ಕೊಡೆ ಕಡ್ಡಿಗಳ ಹಾಗೆ ಆ ಚರ್ಮವನ್ನು ಹಿಡಿದಿರುತ್ತವೆ ಅಂತ ಕ್ಲಾಸಿನಲ್ಲಿ ಬರೆದುಕೊಂಡಿದ್ದೆ. ಪರೀಕ್ಷೆಯಲ್ಲೂ ಬರೆದಿದ್ದೆ. ಆದರೆ ತೋಟದಲ್ಲಿ ತಲೆ ಎತ್ತಿ ನಿಲ್ಲುವ ಹಾಗೆ ಮಾಡಿದ್ದು ಕಾದಂಬರಿ. ಅದು ಮೊದಲೂ ಅಲ್ಲೇ ಇತ್ತಲ್ವಾ, ನಾನು ನೋಡಿರಲಿಲ್ಲ ಅಷ್ಟೇ.

ಆಮೇಲೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಒಂದೇ ರಾತ್ರಿ ಓದಿ ಮುಗಿಸಿದೆ. ನಮ್ಮ ತೀರ್ಥಹಳ್ಳಿಯವರು, ತಮ್ಮ ಮನೆತನದಲ್ಲೇ ಇದ್ದ ಒಬ್ಬ ಬಾಲವಿಧವೆಯ ಬದುಕನ್ನು ಕಾದಂಬರಿ ಮಾಡಿದ್ದಾರೆ. ಆ ಮಗುವಿಗೆ ಏನಾಯ್ತು ಅನ್ನೋದೂ ಗೊತ್ತಾಗದ ವಯಸ್ಸಿನಲ್ಲಿ ಎಲ್ಲ ಮುಗಿದುಹೋಗಿರುತ್ತೆ. ಮಾರನೇ ದಿನವೇ ಇನ್ನೊಂದು ಕಾದಂಬರಿ ಶುರು ಮಾಡಿದೆ, ಪಟ್ಟಿ ಬೆಳೀಬೇಕು ಅಂತ. ಆ ಇನ್ನೊಂದರಲ್ಲಿ ಏನಿತ್ತು ಅಂತ ಈಗ ಕೇಳಿದರೆ ಹೇಳೋಕೆ ಒಂದು ಮಾತೂ ಇಲ್ಲ.

ವಚನದ್ದೂ ಹೀಗೇ ಆಯ್ತು. ಅಕ್ಕಮಹಾದೇವಿಯ ಉಡುತಡಿ, ಅಲ್ಲಮನ ಬಳ್ಳಿಗಾವಿ ಎರಡೂ ನಮ್ಮ ಜಿಲ್ಲೆಯ ಶಿಕಾರಿಪುರ ತಾಲೂಕಿನವು, ಓದದೇ ಇದ್ರೆ ಹೇಗೆ ಅಂತ ಆಸೆಯಿಂದ ತಗೊಂಡೆ. ಗಾಜನೂರಿನಿಂದ ಮಂಡಗದ್ದೆ ಬರೋದರೊಳಗೆ ಸುಮಾರು 40 ವಚನ ಓದಿಬಿಟ್ಟೆ. ಬಸ್ಸು ಇಳಿದಾಗ ತಲೆಯಲ್ಲಿ ಉಳಿದಿದ್ದು ‘ಚೆನ್ನಮಲ್ಲಿಕಾರ್ಜುನ’, ‘ಗುಹೇಶ್ವರ’ ಅನ್ನೋ ಎರಡು ಅಂಕಿತ ಮಾತ್ರ. ಕಾರ್ನಾಡರ ‘ತುಘಲಕ್’ ಓದುವಾಗ ಯಾರು ಯಾರ ಜೊತೆ ಮಾತಾಡ್ತಿದ್ದಾರೆ ಅಂತ ಹಿಂದಿನ ಪುಟಕ್ಕೆ ಹೋಗಿ ಹೋಗಿ ನೋಡಬೇಕಾಯ್ತು.

ಎಲ್ಲಕ್ಕಿಂತ ಜಾಸ್ತಿ ಕಾಡ್ತಿರೋದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಮೂರು ಸಲ ಶುರು ಮಾಡಿ ಮೂರು ಸಲವೂ ಅರವತ್ತು ಪುಟದ ಹತ್ತಿರ ಬಿಟ್ಟೆ. ಅದರಲ್ಲಿ ಬರೋ ಮೇಗರವಳ್ಳಿಗೆ ನಾನೇ ಎಷ್ಟು ಸಲ ಹೋಗಿದ್ದೇನೆ. ನಮ್ಮದೇ ಕಾಡು, ನಮ್ಮದೇ ಮಳೆ. ಆದ್ರೂ ಒಳಗೆ ಹೋಗೋಕೆ ಆಗ್ತಿಲ್ಲ.

ನನ್ನ ಅನುಮಾನ ಏನಂದ್ರೆ, ನಾನು ಎಲ್ಲವನ್ನೂ ಒಂದೇ ಥರ, ಪರೀಕ್ಷೆ ಹಿಂದಿನ ರಾತ್ರಿ ಓದೋ ಥರ ಓದ್ತಿದ್ದೇನೆ. ನೀವು ಕಾದಂಬರಿಗೆ ಒಂದು ರೀತಿ, ಕವಿತೆಗೆ ಒಂದು ರೀತಿ ಅಂತ ಓದ್ತೀರಾ? ಒಂದು ಮುಗಿದ ಮೇಲೆ ಎಷ್ಟು ದಿನ ಬಿಡ್ತೀರಿ? ದಯವಿಟ್ಟು ನಿಮ್ಮ ಅನುಭವ ಹೇಳಿ.

ಹೊಸನಗರದ ತೋಟದವ

ತಂಗೀ, ನಿನ್ನ ಓತಿಯ ವಿಷಯ ಓದಿ ಬಹಳ ಖುಷಿಯಾಯ್ತು. ನನಗೆ ಐವತ್ತು ದಾಟಿದೆ, ಓದಿದ್ದು ಪಿಯುಸಿ. ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಒಂದೇ ಪುಸ್ತಕ. ಜೂನ್‌ನಲ್ಲಿ ಹಿಡಿದರೆ ಅಡಿಕೆಗೆ ಕೊಳೆರೋಗದ ಔಷಧಿ ಎರಡನೇ ಸಲ ಹೊಡೆಯೋ ಹೊತ್ತಿಗೆ ಮುಗಿಯುತ್ತೆ. ಸ್ಪ್ರೇ ಮಾಡೋಕೆ ಬಿಸಿಲು ಕಾಯ್ತಾ ಜಗಲಿಯಲ್ಲಿ ಕೂತಿರ್ತೀವಲ್ಲ, ಆಗ ಎರಡು ಪುಟ, ನಾಲ್ಕು ಪುಟ.

ನೀನು ಸಸ್ಯ, ಪ್ರಾಣಿ ಓದೋಳು ಅನ್ನಿಸ್ತು. ಹಾಗಾದ್ರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ ಓದು. ಮದ್ರಾಸಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕತೆ. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಅದಕ್ಕೆ. ಇದು ಪ್ರವಾಸವಾ, ವಿಜ್ಞಾನವಾ, ಹರಟೆಯಾ ಅಂತ ಕೇಳಿದರೆ ನನಗೆ ಹೇಳೋಕೆ ಬರಲ್ಲ, ಮೂರೂ ಇದೆ. ನಾನು ಅದನ್ನು ತೋಟಕ್ಕೇ ತಗೊಂಡು ಹೋಗ್ತಿದ್ದೆ. ಒಂದು ಗಿಡದ ವಿಷಯ ಬಂತು ಅಂದ್ರೆ ಪುಸ್ತಕ ಮಡಚಿ ಬೇಲಿ ಸಾಲಿನಲ್ಲಿ ಆ ಗಿಡ ಹುಡುಕೋದು. ಸಿಕ್ಕ ಮೇಲೇ ಮುಂದಿನ ಪುಟ. ಹಾಗೆ ಓದಿದ್ದು ಒಂದೂ ಮರೆತಿಲ್ಲ.

ಸಾಗರ ಟೀಚರ್

ನಾಟಕವನ್ನು ಮನಸ್ಸಿನಲ್ಲೇ ಓದಿದರೆ ಎಲ್ಲರಿಗೂ ಹೀಗೇ ಆಗೋದು ಕಣಮ್ಮ. ನಾನು ಹೈಸ್ಕೂಲಲ್ಲಿ ಕನ್ನಡ ಹೇಳಿಕೊಡ್ತೀನಿ. ಒಂದು ವರ್ಷ ಅದೇ ‘ತುಘಲಕ್’ನಲ್ಲಿ ಅಜೀಜ, ಆಜಮ್ ಬರುವ ಭಾಗವನ್ನು ಇಬ್ಬರು ಹುಡುಗರಿಗೆ ಹಂಚಿ ಗಟ್ಟಿಯಾಗಿ ಓದಿಸಿದೆ. ಕ್ಲಾಸಿನಲ್ಲಿ ಯಾವತ್ತೂ ಬಾಯಿ ಬಿಡದ ಹುಡುಗ ಅಜೀಜನ ಮಾತು ಓದ್ತಾ ಓದ್ತಾ ಎದ್ದು ನಿಂತುಬಿಟ್ಟ. ಎದ್ದು ನಿಂತಿದ್ದು ಅವನಿಗೇ ಗೊತ್ತಿರಲಿಲ್ಲ. ನಿಮ್ಮ ಹಾಸ್ಟೆಲಿನಲ್ಲಿ ನಾಲ್ಕು ಜನ ಗೆಳತಿಯರು ಇದ್ದಾರಲ್ಲ, ಹಂಚಿಕೊಂಡು ಓದಿ ನೋಡಿ. ಆಗಲ್ಲ ಅಂದ್ರೆ ಹೆಗ್ಗೋಡು ಏನು ದೂರ? ಅಲ್ಲಿನ ನಾಟಕ ಸಂಸ್ಥೆ ನೀನಾಸಮ್‌ನ ‘ತಿರುಗಾಟ’ ತಂಡ 1985ರಿಂದ ಊರೂರಿಗೆ ನಾಟಕ ತಗೊಂಡು ಹೋಗ್ತಿದೆ. ಮೊದಲು ನೋಡಿ, ಆಮೇಲೆ ಓದಿ.

ಇನ್ನೊಂದು. ನಮ್ಮ ತಾಯಿಯ ತವರೂರು ಶರಾವತಿ ಹಿನ್ನೀರಿನ ಕೆಳಗಿದೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಆದಾಗ ಮುಳುಗಿದ್ದು. ನಾ. ಡಿಸೋಜ ಅವರ ‘ದ್ವೀಪ’ ತೆಳ್ಳನೆ ಪುಸ್ತಕ, ಎರಡು ಗಂಟೆಯಲ್ಲಿ ಓದಬಹುದು. ನಾನು ಎರಡು ಗಂಟೆಯಲ್ಲೇ ಓದಿದ್ದು. ಆದರೆ ಅಮ್ಮನಿಗೆ ಕೊಟ್ಟಾಗ ಅವರು ಒಂದು ತಿಂಗಳು ತಗೊಂಡರು. ನೀರು ಏರುತ್ತಾ ಬರುವ ಪುಟಗಳಲ್ಲಿ ನಿಲ್ಲಿಸಿ ನಿಲ್ಲಿಸಿ, ನಮ್ಮ ಮನೆ ಹಿತ್ತಿಲಲ್ಲಿ ಹಲಸಿನ ಮರ ಇತ್ತು, ದನ ಹೊಡೆದುಕೊಂಡು ಬರುವಾಗ ಒಂದು ಕರು ವಾಪಸ್ ಓಡಿತು ಅಂತೆಲ್ಲ ಹೇಳೋರು. ಆ ಕರುವಿನ ವಿಷಯ ನಾನು ಅವತ್ತೇ ಮೊದಲು ಕೇಳಿದ್ದು. ಹಿಂದೆ ಸಿಗಂದೂರಿಗೆ ಲಾಂಚಲ್ಲಿ ಹೋಗುವಾಗೆಲ್ಲ ಅಮ್ಮ ನೀರು ನೋಡ್ತಾ ಸುಮ್ನೆ ಕೂತಿರೋರು, ಯಾಕೆ ಅಂತ ನಾನು ಕೇಳಿರಲೇ ಇಲ್ಲ. 2025ರ ಜುಲೈನಿಂದ ಸೇತುವೆ ಆಗಿದೆ, ಹತ್ತು ನಿಮಿಷವೂ ಬೇಡ ಈಗ ದಾಟೋಕೆ.

ಶಂಕರಘಟ್ಟ ಎಂಎ

ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಲ್ಲರೂ ನಿಧಾನ ಓದಿ ಅಂತಿದ್ದಾರೆ. ನಿಮ್ಮ ವಯಸ್ಸಿನಲ್ಲಿ ಗಬಗಬ ಓದೋದು ತಪ್ಪೇನಲ್ಲ. ಏನೇನಿದೆ ಅಂತ ಗೊತ್ತಾಗೋದೇ ಹಾಗೆ. 11ರಲ್ಲಿ ಐದು ಉಳಿದಿದೆ ಅಂದ್ರೆ ಒಳ್ಳೇದೇ. ಮರೆತ ಆರನ್ನು ಬಿಟ್ಟುಬಿಡಿ, ಬೇಕಾದ್ರೆ ಇನ್ನೊಂದು ಸಲ ಅವೇ ಕರೀತಾವೆ.

ಆದರೆ ವಚನದ ವಿಷಯದಲ್ಲಿ ನೀವು ಹೇಳಿದ್ದು ನಿಜ. ಒಂದೊಂದು ವಚನ ಐದಾರು ಸಾಲು ಇರುತ್ತೆ, ಅದಕ್ಕೇ ಬೇಗ ಓದಬಹುದು ಅನ್ಸುತ್ತೆ. ನಾನು ದಿನಕ್ಕೆ ಒಂದನ್ನು ಕೈಯಲ್ಲಿ ಬರೆದುಕೊಳ್ತೀನಿ. ಬರೆಯುವಾಗ ಕೈ ಎಲ್ಲಿ ನಿಲ್ಲುತ್ತೆ ನೋಡಿ. ಅಲ್ಲಮನನ್ನು ಬರೆದರೆ ಮೂರನೇ ಸಾಲಿಗೇ ಕೈ ನಿಂತುಬಿಡುತ್ತೆ, ಯಾಕಂದ್ರೆ ಮೊದಲ ಎರಡು ಸಾಲಲ್ಲಿ ಹಿಡಿದುಕೊಂಡಿದ್ದನ್ನು ಅವನೇ ಕಿತ್ತುಕೊಂಡಿರ್ತಾನೆ. ಅಕ್ಕನದು ಹಾಗಲ್ಲ, ನೇರವಾಗಿ ಬಂದು ತಾಗುತ್ತೆ. ಇಬ್ಬರನ್ನೂ ಒಂದೇ ದಿನ ಓದಬೇಡಿ.

ಸಣ್ಣಕತೆಗೂ ಇದೇ ಮಾತು. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಹಾಸ್ಟೆಲಲ್ಲಿ ಎಲ್ಲರೂ ಅವರ ಕತೆಗಳನ್ನು ಹುಡುಕಿಕೊಂಡು ಓದಿದೆವು. ಚಿಕ್ಕವರಿದ್ದಾಗ ಶಿವಮೊಗ್ಗದಲ್ಲೇ ಕನ್ನಡ ಶಾಲೆಗೆ ಹೋದವರು, ನಮಗೆ ಅದೊಂದು ಹೆಮ್ಮೆ. ಒಂದೇ ದಿನ ಆರು ಕತೆ ಓದಿದವರಿಗೆ ಎಲ್ಲ ಹೆಂಗಸರೂ ಒಬ್ಬಳೇ ಅನ್ನಿಸಿದರು. ವಾರಕ್ಕೆ ಒಂದರಂತೆ ಓದಿದ ನನ್ನ ರೂಮ್‌ಮೇಟ್ ಮಾತ್ರ ಒಬ್ಬೊಬ್ಬರ ಬಗ್ಗೆಯೂ ಬೇರೆ ಬೇರೆಯಾಗಿ ಜಗಳ ಆಡ್ತಿದ್ದಳು.

ಮಂಡಗದ್ದೆ ಬಸ್ಸು

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಟೀಚರ್, ನಿಮ್ಮ ಅಮ್ಮನ ಕರುವಿನ ವಿಷಯ ಎರಡು ಸಲ ಓದಿದೆ.

ಒಂದು ಸುದ್ದಿ ಹೇಳಬೇಕು. ಗಟ್ಟಿಯಾಗಿ ಓದಿ ಅಂದಿದ್ರಲ್ಲ. ಈಗ ಅಡಿಕೆ ಕೊಯ್ಲು ಶುರುವಾಗಿದೆ. ಕೆಲವರು ಮೆಷಿನ್ನಿಗೆ ಕೊಡ್ತಾರೆ, ನಮ್ಮದು ಸ್ವಲ್ಪವೇ ತೋಟ, ಮನೆಯಲ್ಲೇ ಸುಲಿಯೋದು. ಶನಿವಾರ ರಾತ್ರಿ ಅಜ್ಜಿ, ಅಮ್ಮ, ಪಕ್ಕದ ಮನೆಯ ಇಬ್ಬರು ಮೆಟ್ಟುಗತ್ತಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ನನಗೆ ಸುಲಿಯೋಕೆ ಅಷ್ಟು ಬರಲ್ಲ. ಸುಮ್ನೆ ಕೂರೋ ಬದಲು ‘ಮದುಮಗಳು’ ತಂದು ಮೊದಲಿಂದ ಓದೋಕೆ ಶುರು ಮಾಡಿದೆ. ನಾಲ್ಕನೇ ಸಲ.

ಮೊದಲ ಹತ್ತು ನಿಮಿಷ ಯಾರೂ ಕೇಳ್ತಿರಲಿಲ್ಲ. ಗುತ್ತಿಯೂ ಅವನ ನಾಯಿ ಹುಲಿಯನೂ ಬಂದ ಮೇಲೆ ಅಜ್ಜಿ ಕತ್ತಿ ನಿಲ್ಲಿಸಿದಳು. ಕಂಬಳಿಕೊಪ್ಪೆ ಅಂತ ಬಂತು, ನಾನು ಅರ್ಥ ಗೊತ್ತಿಲ್ಲದೆ ಬೇಗ ಓದಿಕೊಂಡು ಮುಂದೆ ಹೋದೆ. "ತಡಿ ತಡಿ" ಅಂದಳು. ಒಳಗೆ ಹೋಗಿ ಅಜ್ಜನ ಹಳೇ ಕಂಬಳಿ ತಂದು, ಮೂಲೆ ಮಡಚಿ, ನನ್ನ ತಲೆ ಮೇಲೆ ಹಾಕಿ ತೋರಿಸಿದಳು. ಹೊಗೆ ವಾಸನೆ. ಕಿವಿ ಮುಚ್ಚಿಹೋಯ್ತು, ಹೊರಗಿನ ಶಬ್ದವೆಲ್ಲ ದೂರ ಆಯ್ತು. ಗುತ್ತಿ ಕಾಡಲ್ಲಿ ನಡೆಯುವಾಗ ಕೇಳಿಸ್ತಿದ್ದುದು ಹೀಗೇ ಅಂತ ಆಗ ಗೊತ್ತಾಯ್ತು. ಗೊರಬು, ಹಳು, ಇಂಥ ಒಂದೊಂದು ಮಾತು ಬಂದಾಗಲೂ ಅಜ್ಜಿಯ ಹತ್ತಿರ ಒಂದು ಕತೆ. ಸಿಂಬಾವಿಯವರು ಯಾರು, ಬೆಟ್ಟಳ್ಳಿಯವರು ಯಾರು ಅನ್ನೋದು ಪಕ್ಕದ ಮನೆಯ ಅತ್ತೆಗೆ ನನಗಿಂತ ಚೆನ್ನಾಗಿ ನೆನಪಿತ್ತು. ನಾನು ತಪ್ಪು ಹೇಳಿದರೆ ತಿದ್ದುತ್ತಿದ್ದರು. ಹನ್ನೊಂದೂವರೆಗೆ ಅಡಿಕೆ ಮುಗೀತು, ಪುಸ್ತಕ 22ನೇ ಪುಟದಲ್ಲಿತ್ತು.

ಪಟ್ಟಿಯಲ್ಲಿ 12 ಅಂತ ಹಾಕಿ ಹೆಸರು ಬರೆದಿಲ್ಲ ಇನ್ನೂ.

ಹೊಸನಗರದ ತೋಟದವ

ಮಾರಾಯ್ತಿ, ನಮ್ಮನೆಯಲ್ಲೂ ಸುಲಿಯೋದು ಮುಂದಿನ ವಾರದಿಂದ. ನಾಲ್ಕು ಜನ ಕೂತು ಸೀರಿಯಲ್ ನೋಡ್ತಿರ್ತೀವಿ. ಈ ಸಲ ನಾನೂ ಓದ್ತೀನಿ.

ಮಂಡಗದ್ದೆ ಬಸ್ಸು

ಅಣ್ಣಾ, ಖಂಡಿತ ಓದಿ. ಅಜ್ಜಿ ನಿನ್ನೆ ಫೋನ್ ಮಾಡಿದ್ದಳು. ಊಟ ಆಯ್ತಾ ಅಂತ ಕೇಳಿದ ಮೇಲೆ ಎರಡನೇ ಪ್ರಶ್ನೆ, ಆ ಹುಲಿಯ ಕೊನೆಗೆ ಏನಾಗುತ್ತೆ ಅಂತ. ನಾನೂ ಅಲ್ಲಿವರೆಗೆ ಓದಿಲ್ಲ ಅಂದೆ.

ಶಂಕರಘಟ್ಟ ಎಂಎ

ಯಾರೂ ಇಲ್ಲಿ ಹೇಳಬೇಡಿ, ದಯವಿಟ್ಟು.