ಸಮಸ್ಯೆ: ದಾರಿಯ ತಪ್ಪಿದವನೂರ ಸೇರಿದನಲ್ತೇ

ಪೃಚ್ಛಕ: ಮೇಲಿನ ಸಾಲೇ ಕೊನೆಯ ಸಾಲಾಗುವಂತೆ, ತತ್ತ್ವ, ಭಾಷೆ, ಸಂಗೀತ ಅಂತ ಸುತ್ತಾಡಿದ ಕುತೂಹಲಿಯೊಬ್ಬನ ಮೇಲೆ ಕಂದ ಬರಲಿ, ಅದೇ ಹಳಗನ್ನಡದ ನಾಲ್ಕು ಸಾಲಿನ ಪದ್ಯ.

ತಂತಿವಿಡಿದವ:
ಆರಯ್ಯುತ್ತೆಣಿಕೆಗಳಂ
ತೀರದ ಬೆರಗಿಂದೆ ತಂತಿಯಂ ಮೀಂಟುತಿರಲ್
ತಾರದ ಷಡ್ಜಮೆ ದೊರೆತುದು
ದಾರಿಯ ತಪ್ಪಿದವನೂರ ಸೇರಿದನಲ್ತೇ

ಪೈಥಾಗರಸ್‌ನನ್ನು ನೆನೆದು ಬರೆದೆ. ತಂತಿಯನ್ನು ಸರಿಯಾಗಿ ಅರ್ಧಕ್ಕೆ ಒತ್ತಿ ಮೀಟಿದರೆ ತಾರ ಷಡ್ಜ, ಅಂದರೆ ಮೇಲಿನ ‘ಸ’. ಮೂರರಲ್ಲಿ ಎರಡು ಪಾಲು ಮಿಡಿದರೆ ಪಂಚಮ, ಅಂದರೆ ‘ಪ’.

ಪೃಚ್ಛಕ: ಸೊಗಸು.

ಮಂದಾನಿಲ:
ಮೂರೆಡೆಯಲೆದಂ ತತ್ತ್ವಂ
ಸಾರದ ನುಡಿ ಗಾನಮೆಂದು ನಿಲ್ಲದೆ ನಡೆದಂ
ಆರುಂ ತೋರದ ಜಾಡೊಳೆ
ದಾರಿಯ ತಪ್ಪಿದವನೂರ ಸೇರಿದನಲ್ತೇ

ಹಳೆಗರಿ: ಪ್ರಾಸ ಕೆಟ್ಟಿತು, ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಅದು ಮೂಱು, ಶಕಟರೇಫ, ಅಂದರೆ ಹಳಗನ್ನಡದ ಇನ್ನೊಂದು ರಕಾರ. ಸಾರ, ಆರುಂ, ದಾರಿ ಮೂರೂ ಸಾದಾ ರೇಫ.

ಮಂದಾನಿಲ: ಇದಕ್ಕೇ ಕಾಯುತ್ತಿದ್ದಿರಿ ಅಲ್ವಾ? ಈ ಎರಡು ಉಲಿ ಬೇರೆ ಅಂತ ಇವತ್ತು ಯಾವ ಕನ್ನಡಿಗನ ಕಿವಿಗೂ ಕೇಳುವುದಿಲ್ಲ. ಪ್ರಾಸ ಇರುವುದು ಕಿವಿಗೆ.

ಹಳೆಗರಿ: ‘ಅಲೆದಂ’, ‘ಆರುಂ’ ಅಂತ ಹಳಗನ್ನಡ ಉಟ್ಟುಕೊಂಡವರು ಱಕಾರಕ್ಕೂ ಲೆಕ್ಕ ಕೊಡಬೇಕು. ಹೊಸಗನ್ನಡದಲ್ಲಿ ಬರೆದಿದ್ದರೆ ನಾನು ಸುಮ್ನೆ ಇರುತ್ತಿದ್ದೆ.

ಮಂದಾನಿಲ: ಸರಿ. ‘ಬೇರೆಡೆಯಲೆದಂ’.

ಹಳೆಗರಿ: ಅದೂ ಬೇಱೆ. ತಮಿಳಿನಲ್ಲಿ ವೇಱು. ಮರದ ಬೇರಾದರೆ ವೇರ್, ಅದಕ್ಕೆ ಅಡ್ಡಿಯಿಲ್ಲ.

ತಂತಿವಿಡಿದವ: ನಡುವೆ ಬಾಯಿ ಹಾಕುತ್ತೇನೆ. ನಿಮ್ಮ ಜಗಳದ ನೆಪದಲ್ಲಿ ಮೂರರ ಹಿಂದೆ ಬಿದ್ದೆ. ತಮಿಳಿನಲ್ಲಿ ಮೂನ್ಱು, ಮಲಯಾಳದಲ್ಲಿ ಮೂನ್ನು, ತೆಲುಗಿನಲ್ಲಿ ಮೂಡು. ಎಣಿಕೆಯ ಆರು ಕೂಡ ಆಱು, ನೂರು ನೂಱು. ತಮಿಳರು ಇಂದಿಗೂ ಎರಡಕ್ಕೂ ಬೇರೆ ಬೇರೆ ಅಕ್ಷರ ಬರೆಯುತ್ತಾರೆ. ಕಿಟೆಲ್ ಅವರ ನಿಘಂಟು ತೆಗೆದವನು ಅಲ್ಲೇ ಒಂದು ಗಂಟೆ ಕೂತೆ. ಧರ್ಮ ಸಾರಲು ಬಂದವರು ಅವರು. ನುಡಿಗೆ ಮನಸೋತರು, ಅಲ್ಲಿಂದ ಛಂದಸ್ಸಿಗೆ ಹೋದರು. 1875ರಲ್ಲಿ ನಾಗವರ್ಮನ ಛಂದೋಗ್ರಂಥ ಛಂದೋಂಬುಧಿಯನ್ನು ಅಚ್ಚು ಹಾಕಿಸಿದರು, 1894ರಲ್ಲಿ ನಿಘಂಟು ತಂದರು. ಈ ಸಮಸ್ಯೆಯ ಊರು ಸೇರಿದವರು ಅವರೇ ಅಲ್ವಾ?

ಪೃಚ್ಛಕ: ಹಾಗಾದರೆ ಅವರ ಮೇಲೂ ಒಂದು ಕಂದ ಬರಲಿ.

ಮಂದಾನಿಲ: ಮೊದಲು ನನ್ನದು ಮುಗಿಯಲಿ. ‘ದೂರಕ್ಕಲೆದಂ ತತ್ತ್ವಂ’. ಮೂರು ಅನ್ನುವ ಎಣಿಕೆ ಹೋಯಿತು. ಪದ್ಯ ಹುಟ್ಟಿದ್ದೇ ಅದರಿಂದ, ಅದು ನೋವು.

ಹಳೆಗರಿ: ಎಣಿಕೆ ಎಲ್ಲಿಗೆ ಹೋಯಿತು? ತತ್ತ್ವ, ನುಡಿ, ಗಾನ ಅಂತ ಸಾಲಾಗಿ ನಿಂತಿವೆಯಲ್ಲ. ದೂರವೇ ಜಾಸ್ತಿ ಹೊಂದುತ್ತದೆ. ಆದರೆ ‘ಸಾರದ’ ಸುಮ್ನೆ ಪ್ರಾಸಕ್ಕೆ ತುಂಬಿದ್ದು.

ಮಂದಾನಿಲ: ಅದನ್ನು ಮಾತ್ರ ಬಿಡುವುದಿಲ್ಲ. ಸಾರವುಳ್ಳ ನುಡಿ ಅಂತಲೇ ಬರೆದದ್ದು. ಈ ಸಮಸ್ಯೆಗೆ ನಿಮ್ಮ ಪೂರಣದ ಪದ್ಯ ಎಲ್ಲಿ? ಮೂರು ವಾರದಿಂದ ಕಾಯುತ್ತಿದ್ದೇವೆ.

ಹಳೆಗರಿ: ಮೂಱು ವಾರ. ನಾಳೆ ಬೆಳಗ್ಗೆ ಹಾಕುತ್ತೇನೆ.